ವಿಶ್ವಕೋಶದಲ್ಲಿ ಅವ್ವನ ಎರಡು ಸಾಲು

ಬಸವನ ಬಾಗೇವಾಡಿಯ ಪದವಿಪೂರ್ವ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತಿದ್ದ ಕಾಲವದು. ಹೊಸ ಶತಮಾನ ಶುರುವಾಗಿ ಐದಾರು ವರ್ಷಗಳಾಗಿದ್ದವು. ಬಸ್ ನಿಲ್ದಾಣದ ಎದುರಿಗೆ ಒಂದು ಸೈಬರ್ ಕೆಫೆ ಇತ್ತು. ಅದರ ಮಾಲೀಕರು ಮೊದಲು ಟೈಪಿಂಗ್ ಕಲಿಸುತ್ತಿದ್ದವರು. ಟೈಪ್‌ರೈಟರುಗಳನ್ನೆಲ್ಲ ಅಟ್ಟಕ್ಕೆ ಹಾಕಿ, ಅದೇ ಟೇಬಲ್ಲುಗಳ ಮೇಲೆ ಆರು ಕಂಪ್ಯೂಟರ್ ಕೂರಿಸಿದ್ದರು. ಮಧ್ಯಾಹ್ನದ ತರಗತಿ ಮುಗಿಸಿ ವಾರಕ್ಕೆ ಎರಡು ಸಲ ನಾನು ಅಲ್ಲಿಗೆ ಹೋಗುತ್ತಿದ್ದೆ.

ಒಂದು ದಿನ ಸ್ಥಳೀಯ ಸರ್ಕಾರಗಳ ಪಾಠಕ್ಕೆ ನಮ್ಮ ಕಡೆಯದೇ ಒಂದು ಉದಾಹರಣೆ ಬೇಕೆಂದು ಹುಡುಕುತ್ತಿದ್ದೆ. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಒಂದು ವಿಶ್ವಕೋಶ ಅಂತರ್ಜಾಲದಲ್ಲಿದೆ ಎಂದು ಕೇಳಿದ್ದೆ. ಅದರಲ್ಲಿ ನಮ್ಮೂರಿನ ಗೌಡರ ಮೇಲೆ ಒಂದು ಲೇಖನ ಸಿಕ್ಕಿತು. ನಮ್ಮೂರು ಸಿಂದಗಿ ತಾಲೂಕಿನದು, ಆಲಮೇಲದ ದಾರಿಯಲ್ಲಿ ಬರುತ್ತದೆ. ಗೌಡರು ಮೂವತ್ತು ವರ್ಷ ಆ ಭಾಗದ ರಾಜಕಾರಣವನ್ನು ತಮ್ಮ ಪಡಸಾಲೆಯಲ್ಲೇ ಕುಳಿತು ನಡೆಸಿದವರು. ಅವರ ಫೋಟೋ, ಅವರು ಕಟ್ಟಿಸಿದ ಸಾಲೆ, ಹಾಕಿಸಿದ ಕೊಳವೆಬಾವಿ ಎಲ್ಲ ಇದ್ದವು. ‘ರಾಜಕೀಯ ಇತಿಹಾಸ’ ಎಂಬ ತಲೆಬರಹದ ಕೆಳಗೆ ಹೀಗೊಂದು ವಾಕ್ಯವಿತ್ತು:

‘ಈ ಅವಧಿಯಲ್ಲಿ ಮೀಸಲಾತಿಯಿಂದ ಪಂಚಾಯಿತಿ ಅಧ್ಯಕ್ಷೆಯಾಗಿದ್ದ ಅನಕ್ಷರಸ್ಥ ಮಹಿಳೆಯೊಬ್ಬರು ಅನಾರೋಗ್ಯದ ಕಾರಣ ಸ್ವಇಚ್ಛೆಯಿಂದ ರಾಜೀನಾಮೆ ನೀಡಿದ್ದು, ತದನಂತರ ಗ್ರಾಮದ ಆಡಳಿತವು ಮಾನ್ಯರ ಮಾರ್ಗದರ್ಶನದಲ್ಲಿ ಸುಗಮವಾಗಿ ಸಾಗಿತು.’

ಆ ಮಹಿಳೆ ನನ್ನ ಅವ್ವ.

ಕಿವಿ ಬಿಸಿಯಾದವು. ಪಕ್ಕದ ಕಂಪ್ಯೂಟರಿನಲ್ಲಿ ಯಾರೋ ರೈಲ್ವೆ ಟಿಕೆಟ್ ನೋಡುತ್ತಿದ್ದರು. ನಾನು ಆ ವಾಕ್ಯವನ್ನು ನಾಲ್ಕು ಸಲ ಓದಿದೆ. ಅದರಲ್ಲಿ ನಿಜವಾದದ್ದು ಎಂದರೆ ‘ಮೀಸಲಾತಿಯಿಂದ’ ಎಂಬ ಒಂದೇ ಪದ.

ನಮ್ಮದು ಕುರಿ ಕಾಯುವ ಮನೆತನ. ಅವ್ವನ ತವರು ಯಂಕಂಚಿ. ಅಪ್ಪ ವರ್ಷದ ಏಳೆಂಟು ತಿಂಗಳು ಕುರಿ ಹೊಡೆದುಕೊಂಡು ಊರೂರು ತಿರುಗುತ್ತಿದ್ದ. ನಾನು ಹೈಸ್ಕೂಲಿಗೆ ಬಂದ ವರ್ಷ ಊರೂರಲ್ಲಿ ಅಕ್ಷರ ಕಲಿಸುವ ಆಂದೋಲನ ನಡೆಯಿತು. ನಮ್ಮ ಸಾಲೆಯ ಪಡಸಾಲೆಯಲ್ಲಿ ಸಂಜೆ ಹೆಂಗಸರಿಗೆ ಪಾಠ. ಕಲಿಸುತ್ತಿದ್ದವರು ನನ್ನದೇ ಕನ್ನಡ ಮಾಸ್ತರರು. ಅವ್ವನ ಹೆಸರಿನಲ್ಲಿ ಒಂದು ಒತ್ತಕ್ಷರವಿದೆ. ಅದೊಂದಕ್ಕೇ ಅವಳಿಗೆ ಒಂದು ವಾರ ಹಿಡಿಯಿತು. ಮಾಸ್ತರರು ಪಾಟಿಯ ಮೇಲೆ ದೊಡ್ಡದಾಗಿ ಬರೆದುಕೊಡುತ್ತಿದ್ದರು, ಅವಳು ಅದರ ಮೇಲೆಯೇ ಬೆರಳಾಡಿಸುತ್ತಿದ್ದಳು. ಎಂಟನೆಯ ದಿನ ತಾನೇ ಬರೆದಾಗ ಮಾಸ್ತರರು ಆ ಪಾಟಿಯನ್ನು ಎತ್ತಿ ಎಲ್ಲರಿಗೂ ತೋರಿಸಿದ್ದರು. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಅವ್ವ ನಾಚಿಕೊಂಡು ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು.

ಆಮೇಲೆ ಹೊಸ ಪಂಚಾಯಿತಿ ಕಾಯ್ದೆ ಬಂತು. ಅಧ್ಯಕ್ಷ ಸ್ಥಾನ ಹೆಂಗಸರಿಗೆ ಎಂದಾಯಿತು. ಗೌಡರು ತಾವೇ ನಮ್ಮ ಮನೆಗೆ ಬಂದರು. ಅಲ್ಲಿಯವರೆಗೆ ಅವರು ನಮ್ಮ ಓಣಿಗೆ ಕಾಲಿಟ್ಟದ್ದನ್ನು ಯಾರೂ ಕಂಡಿರಲಿಲ್ಲ.

“ನೀ ಸುಮ್ನ ಕುರ್ಚಿ ಮ್ಯಾಲ ಕುಂದ್ರವಾ. ಉಳದದ್ದ ನಾವ್ ನೋಡ್ಕೋತೇವಿ” ಎಂದರು.

ಅವ್ವ ಕುಳಿತಳು. ಆದರೆ ಸುಮ್ಮನೆ ಕೂಡಲಿಲ್ಲ. ಸಹಿಗೆ ಬಂದ ಪ್ರತಿ ಕಾಗದವನ್ನೂ “ನಾಳಿ ಕೊಡ್ತೇನ್ರಿ” ಎಂದು ಮನೆಗೆ ತರುತ್ತಿದ್ದಳು. ನಾನು ಓದಿ ಹೇಳುತ್ತಿದ್ದೆ. ಹೀಗೆಯೇ ಒಂದು ದಿನ ಗಾಯರಾಣದ ಠರಾವು ಬಂತು. ಗಾಯರಾಣ ಎಂದರೆ ಊರ ದನ ಕುರಿ ಮೇಯಲು ಬಿಟ್ಟ ಸರ್ಕಾರಿ ಜಮೀನು. ಅದರಲ್ಲಿ ದೊಡ್ಡದೊಂದು ತುಂಡನ್ನು ಗೌಡರ ಅಳಿಯನಿಗೆ, ಕಬ್ಬಿನ ಲಾರಿ ತೂಗುವ ಕಟ್ಟೆ ಕಟ್ಟಲು ಕೊಡಬೇಕೆಂದು ಅದರಲ್ಲಿತ್ತು. ಓದಿ ಮುಗಿಸಿದಾಗ ಅವ್ವ ಕೇಳಿದ್ದು ಒಂದೇ ಮಾತು: “ಕುರಿ ಎಲ್ಲಿ ಹೋಗ್ಬೇಕು?”

ಮರುದಿನ ಪಂಚಾಯಿತಿಯಲ್ಲೂ ಅದನ್ನೇ ಕೇಳಿದಳಂತೆ. ಪೆನ್ನಿನ ಟೊಪ್ಪಿಗೆ ಹಾಕಿ ವಾಪಸ್ ಕೊಟ್ಟಳಂತೆ.

ತಿಂಗಳೊಳಗೆ ಅವಿಶ್ವಾಸ ಗೊತ್ತುವಳಿ ಬಂತು. ಸದಸ್ಯರನ್ನು ಜೀಪಿನಲ್ಲಿ ಸೊಲ್ಲಾಪುರಕ್ಕೆ ಕರೆದೊಯ್ದು, ನಾಲ್ಕು ದಿನ ಲಾಡ್ಜಿನಲ್ಲಿ ಇಟ್ಟು, ನೇರವಾಗಿ ಸಭೆಗೇ ತಂದು ಇಳಿಸಿದರು. ಸಭೆಗೆ ಮುಂಚೆ ಅವ್ವ ಒಂದು ಆಕ್ಷೇಪಣೆ ಕೊಟ್ಟಳು. ಅವಳು ಹೇಳಿದ್ದನ್ನು ನಾನು ಬರೆದಿದ್ದೆ, ಕೆಳಗೆ ಅವಳು ಸಹಿ ಮಾಡಿದ್ದಳು. ಅದನ್ನು ಯಾರೂ ಓದಲಿಲ್ಲ. ಕೈಗಳು ಮೇಲೆದ್ದವು, ಅವ್ವ ನಡೆದುಕೊಂಡು ಮನೆಗೆ ಬಂದಳು.

ಪಂಚಾಯಿತಿಯ ಗೋಡೆಗೆ ಅಧ್ಯಕ್ಷರ ಹೆಸರುಗಳ ಒಂದು ಹಲಗೆ ಇತ್ತು. ಎರಡು ವಾರಕ್ಕೆ ಪೇಂಟರ್ ಬಂದು ಅವ್ವನ ಹೆಸರನ್ನು ಕೆರೆದು ತೆಗೆದ. ಅವಳ ಜಾಗಕ್ಕೆ ಬಂದ ಉಪಾಧ್ಯಕ್ಷನ ಅವಧಿಯನ್ನು ಹಿಂದಕ್ಕೆ ಹಿಗ್ಗಿಸಿ, ಅವ್ವನ ದಿನಗಳನ್ನೂ ಅದಕ್ಕೇ ಸೇರಿಸಿ ಬರೆದ. ಸಾಲೆಗೆ ಹೋಗುವಾಗ ನಾನು ದಿನಾ ಆ ಹಲಗೆಯ ಮುಂದೆ ಹಾಯಬೇಕಿತ್ತು. ಇವರಿಗೆ ಒಂದು ದಿನ ಮಾಡಿ ತೋರಿಸುತ್ತೇನೆ ಎಂದು ಹದಿನೈದು ವರ್ಷದ ಹುಡುಗಿಯಾಗಿ ಅಂದುಕೊಂಡಿದ್ದು ನನಗೆ ಚೆನ್ನಾಗಿ ನೆನಪಿದೆ. ಏನು ಮಾಡುವುದು ಎಂದು ಮಾತ್ರ ಗೊತ್ತಿರಲಿಲ್ಲ.

ಈಗ ಕೆಫೆಯಲ್ಲಿ, ಆ ವಾಕ್ಯದ ಮೇಲ್ಗಡೆ ‘ಸಂಪಾದಿಸಿ’ ಎಂಬ ಪದ ಕಾಣಿಸಿತು. ಅದನ್ನು ಒತ್ತಿದೆ. ಇಡೀ ಲೇಖನ ಬಿಚ್ಚಿಕೊಂಡಿತು. ಯಾವ ಪೇಂಟರನ್ನೂ ಕರೆಯಬೇಕಾಗಿರಲಿಲ್ಲ.

‘ಇದು ಹಸಿ ಸುಳ್ಳು. ಅದ್ಯಕ್ಷೆಯನ್ನು ಗೌಡರು ಕುತಂತ್ರದಿಂದ ಕೆಳಗಿಳಿಸಿದರು. ಗಾಯರಾಣ ನುಂಗಲು ಬಿಡಲಿಲ್ಲವೆಂದು ಹಗೆ ಸಾಧಿಸಿದರು’ ಎಂದು ಬರೆದೆ. ಉಳಿಸಿದೆ. ಪುಟ ತೆರೆದು ನೋಡಿದೆ, ನನ್ನ ಮಾತು ಅಲ್ಲಿತ್ತು. ಅಂದು ಮನೆಗೆ ಹೋಗಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಎರಡು ದಿನ ಬಿಟ್ಟು ಹೋದರೆ ಹಳೆಯ ವಾಕ್ಯವೇ ವಾಪಸ್ ಬಂದು ಕೂತಿತ್ತು. ‘ಇತಿಹಾಸ’ ಎಂಬುದನ್ನು ಒತ್ತಿದರೆ ಯಾರು ಯಾವಾಗ ಏನು ಬದಲಿಸಿದರು ಎಂಬುದೆಲ್ಲ ಕಾಣುತ್ತದೆ. ನಾನು ಬರೆದ ಇಪ್ಪತ್ತೇ ನಿಮಿಷಕ್ಕೆ ಒಬ್ಬರು ಅದನ್ನು ತೆಗೆದಿದ್ದರು. ಅಲ್ಲಿ ಎಲ್ಲರಿಗೂ ಇರುವಂತೆ ಅವರಿಗೂ ಒಂದು ಸುಳ್ಳು ಹೆಸರಿತ್ತು. ನಾನು ಮತ್ತೆ ಹಾಕಿದೆ. ಅವರು ಮತ್ತೆ ತೆಗೆದರು. ಮೂರನೆಯ ಸಲ ಹಾಕುವಾಗ ಕರೆಂಟು ಹೋಗಿ ಬರೆದದ್ದೆಲ್ಲ ಅಳಿಯಿತು. ಕರೆಂಟು ಬರುವವರೆಗೆ ಕತ್ತಲೆ ಪರದೆಯ ಮುಂದೆ ಕೂತೇ ಇದ್ದೆ.

ಆಮೇಲೆ ಆ ವಿಶ್ವಕೋಶದ ನಿರ್ವಾಹಕರೊಬ್ಬರು ನಡುವೆ ಬಂದರು. ಯಾವ ಊರಿನವರೋ ತಿಳಿಯದು. ಬಹಳ ಮರ್ಯಾದೆಯಿಂದ ಬರೆದಿದ್ದರು. ಇಲ್ಲಿ ತಟಸ್ಥ ದೃಷ್ಟಿಕೋನದಿಂದ ಬರೆಯಬೇಕು, ‘ಕುತಂತ್ರ’, ‘ಹಗೆ’, ‘ನುಂಗು’ ಎಂಬ ಪದಗಳು ತಟಸ್ಥವಲ್ಲ, ಈಗಿರುವ ವಾಕ್ಯಕ್ಕೆ ಮುದ್ರಿತ ಪುಸ್ತಕದ ಆಧಾರವಿದೆ, ನಿಮ್ಮದಕ್ಕೆ ಏನಿದೆ?

‘ನಾನೇ ಕಣ್ಣಾರೆ ಕಂಡಿದ್ದೇನೆ’ ಎಂದು ಬರೆದೆ.

‘ಸ್ವಂತ ಅನುಭವವನ್ನು ಆಧಾರವಾಗಿ ಪರಿಗಣಿಸಲಾಗದು’ ಎಂದು ಉತ್ತರ ಬಂತು.

ಆ ಮುದ್ರಿತ ಪುಸ್ತಕ ಯಾವುದೆಂದು ಹುಡುಕಿಕೊಂಡು ಹೋದೆ. ಅದು ಗೌಡರ ಅರವತ್ತು ತುಂಬಿದ ಸಮಾರಂಭಕ್ಕೆ ತಂದ ಅಭಿನಂದನ ಗ್ರಂಥ. ಮುದ್ದೇಬಿಹಾಳದಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಒಂದು ಪ್ರತಿ ಇತ್ತು. ಪರೀಕ್ಷೆಯ ಕೆಲಸಕ್ಕೆ ಹೋದಾಗ ಅವರ ಕಪಾಟಿನಿಂದ ತೆಗೆದು ನೋಡಿದೆ. ಗಟ್ಟಿ ಹೊದಿಕೆ, ಹೊಳೆಯುವ ಕಾಗದ, ಗೌಡರು ಕುದುರೆಯ ಮೇಲೆ ಕೂತ ಚಿತ್ರ. ಬರೆದವರ ಹೆಸರಿರಲಿಲ್ಲ, ‘ಸಂಪಾದಕ ಮಂಡಳಿ’ ಎಂದಷ್ಟೇ ಇತ್ತು. ಅವ್ವನ ಬಗೆಗಿನ ಆ ವಾಕ್ಯ ಅಕ್ಷರಕ್ಕೆ ಅಕ್ಷರ ಅಲ್ಲಿತ್ತು. ಗೌಡರ ಹಣದಿಂದ ಅಚ್ಚಾದ ಹೊಗಳಿಕೆ ಆಧಾರವಾಗುತ್ತದೆ, ನನ್ನ ಕಣ್ಣು ಆಗುವುದಿಲ್ಲ. ಮುದ್ದೇಬಿಹಾಳದಿಂದ ವಾಪಸ್ ಬರುವ ಬಸ್ಸಿನಲ್ಲಿ ನಾನು ಒಂದು ತೀರ್ಮಾನಕ್ಕೆ ಬಂದೆ. ಬೈಯುವುದನ್ನು ಬಿಡಬೇಕು. ಇವರ ನಿಯಮ ಕಲಿಯಬೇಕು. ಆ ನಿಯಮದಿಂದಲೇ ಗೌಡರನ್ನು ಹಿಡಿಯಬೇಕು.

ಮುಂದಿನ ಎರಡು ತಿಂಗಳು ಆ ವಿಶ್ವಕೋಶದ ನಿಯಮಗಳ ಪುಟಗಳನ್ನು ಪಠ್ಯಪುಸ್ತಕ ಓದುವ ಹಾಗೆ ಓದಿದೆ. ಮಾಲೀಕರು ಪ್ರಿಂಟ್ ತೆಗೆದುಕೊಡುತ್ತ, “ಮೇಡಂ, ಯಾವ್ದ್ ಪರೀಕ್ಷಾ ಬರ್ಯಾಕತ್ತೀರಿ?” ಎಂದು ಕೇಳಿದರು.

“ಇಲಾಖಾ ಪರೀಕ್ಷಾರಿ” ಎಂದೆ.

ಇಂಡಿಯಲ್ಲಿ ತೊಂಬತ್ತರ ದಶಕದಲ್ಲಿ ನಾಲ್ಕು ಪುಟದ ಒಂದು ವಾರಪತ್ರಿಕೆ ಬರುತ್ತಿತ್ತು. ಅದನ್ನು ನಡೆಸುತ್ತಿದ್ದವರು ತಮ್ಮದೇ ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸಿ ಮುದ್ರಿಸುತ್ತಿದ್ದರು. ಪತ್ರಿಕೆ ನಿಂತು ವರ್ಷಗಳಾಗಿದ್ದವು, ಅಚ್ಚಿನ ಮನೆಯಲ್ಲಿ ಮದುವೆ ಕಾರ್ಡು ಮಾತ್ರ ನಡೆಯುತ್ತಿತ್ತು. ಒಂದು ಭಾನುವಾರ ಅಲ್ಲಿಗೆ ಹೋದೆ.

“ಯಾವ್ ಸಂಚಿಕಿ ಬೇಕ್ರಿ?” ಎಂದರು ಆ ಹಿರಿಯರು.

“ವರ್ಷ ಗೊತ್ತೈತ್ರಿ ಕಾಕಾ. ತಾರೀಖ ಗೊತ್ತಿಲ್ಲ.”

“ಹಂಗಾದ್ರ ಹೊತ್ತ ಹಿಡಿತೈತಿ. ಕುಂದರ್ರಿ. ಧೂಳ ಭಾಳ ಐತಿ, ಸೆರಗ ಮೂಗಿಗಿ ಕಟ್ಕೋರಿ.”

ಮಧ್ಯಾಹ್ನ ಎರಡರ ಹೊತ್ತಿಗೆ ಸಿಕ್ಕಿತು. ಮೂರನೆಯ ಪುಟದ ಮೂಲೆಯಲ್ಲಿ, ಒಂದು ಗೇಣು ಉದ್ದದ ಸುದ್ದಿ. ಅವಿಶ್ವಾಸ ಗೊತ್ತುವಳಿ, ಗಾಯರಾಣದ ಠರಾವು, ಸೊಲ್ಲಾಪುರದ ಲಾಡ್ಜು ಎಲ್ಲ ಇತ್ತು. ಕೊನೆಯಲ್ಲಿ, ‘ಅಧ್ಯಕ್ಷೆಯು ತಮ್ಮ ಸಹಿಯುಳ್ಳ ಲಿಖಿತ ಆಕ್ಷೇಪಣೆಯನ್ನು ಸಭೆಗೆ ಸಲ್ಲಿಸಿದರು’ ಎಂದಿತ್ತು. ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದೆ.

“ಇದನ್ನ ಬರದಾಂವ ನಾನ” ಎಂದರು ಹಿರಿಯರು. “ಗೌಡ್ರ ಕಡಿಯವ್ರು ಬಂದು ಆ ವಾರದ ಪೇಪರ್ ಅಷ್ಟೂ ಕೊಂಡ್ಕೊಂಡ ಹೋದ್ರು. ನಮ್ಮ ಪೇಪರ್ ಒಂದೂ ಉಳೀದಂಗ ಖರ್ಚಾಗಿದ್ದು ಅದೊಂದ ವಾರ.”

“ಇದು ಹ್ಯಾಂಗ ಉಳಿತ್ರಿ?”

“ಫೈಲಿಗಿ ಮೂರ ಪ್ರತಿ ಮೊದ್ಲ ತಗದ ಇಟ್ಟಿರ್ತೇನಿ. ಅದನ್ಯಾರಿಗಿ ಹೇಳೂದಿಲ್ಲ.” ನನ್ನ ಮುಖ ನೋಡಿ ಕೇಳಿದರು, “ಆಕಿ ನಿಮಗೇನಾಗ್ಬೇಕು?”

“ಅವ್ವ.”

ಅವರು ಎದ್ದು ಹೋಗಿ ಇನ್ನೂ ಎರಡು ಕಟ್ಟು ತಂದು ನನ್ನ ಮುಂದೆ ಹಾಕಿದರು. “ಗೌಡ್ರ ಬಗ್ಗೆ ಇನ್ನೂ ಭಾಳ ಅದಾವು. ನೋಡ್ರಿ, ನಿಮಗ ಬೇಕಾದೀತು.”

ನೋಡಿದೆ. ಆ ದಿನವಷ್ಟೇ ಅಲ್ಲ, ಮುಂದಿನ ಮೂರು ಭಾನುವಾರವೂ ನೋಡಿದೆ. ಗೌಡರು ಯಾವ ವರ್ಷ ಯಾವ ಪಕ್ಷದಲ್ಲಿದ್ದರು, ಯಾವ ಪಕ್ಷವನ್ನು ‘ಪ್ರಾಣ ಇರುವ ತನಕ ಬಿಡುವುದಿಲ್ಲ’ ಎಂದು ಹೇಳಿ ಎಷ್ಟು ದಿನಕ್ಕೆ ಬಿಟ್ಟರು, ಯಾವ ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡರು, ಉದ್ಘಾಟಿಸಿದ ಯಾವ ಕೊಳವೆಬಾವಿಗೆ ಪಂಪು ಬರಲೇ ಇಲ್ಲ, ಎಲ್ಲವನ್ನೂ ಪುಟದ ಸಂಖ್ಯೆ ಸಹಿತ ಬರೆದುಕೊಂಡೆ.

ಆಮೇಲೆ ಬರೆಯಲು ಕೂತೆ. ಮೊದಲು ಅವ್ವನದು, ಹಳೆಯ ವಾಕ್ಯದ ಜಾಗದಲ್ಲಿ:

‘ವಿಶೇಷ ಸಭೆಯಲ್ಲಿ ಅವಿಶ್ವಾಸ ಗೊತ್ತುವಳಿಯ ಮೂಲಕ ಅಧ್ಯಕ್ಷೆಯನ್ನು ಪದಚ್ಯುತಗೊಳಿಸಲಾಯಿತು. ಗಾಯರಾಣ ಭೂಮಿಯನ್ನು ಖಾಸಗಿ ಬಳಕೆಗೆ ನೀಡುವ ಠರಾವಿಗೆ ಸಹಿ ಹಾಕಲು ಅವರು ನಿರಾಕರಿಸಿದ್ದರೆಂದೂ, ತಮ್ಮ ಸಹಿಯುಳ್ಳ ಲಿಖಿತ ಆಕ್ಷೇಪಣೆ ಸಲ್ಲಿಸಿದ್ದರೆಂದೂ ಸ್ಥಳೀಯ ವಾರಪತ್ರಿಕೆ ವರದಿ ಮಾಡಿದೆ.’

ಕೆಳಗೆ ಸಂಚಿಕೆ, ಪುಟ. ಒಂದು ಬೈಗುಳ ಇರಲಿಲ್ಲ, ಒಂದು ವಿಶೇಷಣ ಇರಲಿಲ್ಲ. ಅದು ನಿಂತಿತು. ನಿರ್ವಾಹಕರು ‘ಉತ್ತಮ ಸುಧಾರಣೆ, ಧನ್ಯವಾದಗಳು’ ಎಂದು ಬರೆದರು.

ಅಲ್ಲಿಗೇ ನಿಲ್ಲಿಸಬಹುದಿತ್ತು. ನನಗೆ ಬೇಕಾದದ್ದು ಅಷ್ಟೇ ಆಗಿರಲಿಲ್ಲ. ದಿನಕ್ಕೊಂದು ವಾಕ್ಯದಂತೆ ಗೌಡರ ಲೇಖನಕ್ಕೆ ಸೇರಿಸುತ್ತ ಹೋದೆ. ಬೈಯುವುದರಲ್ಲಿ ಇರದ ಸುಖ ಈ ಒಣ ವಾಕ್ಯಗಳಲ್ಲಿತ್ತು. ‘ಅದೇ ವರ್ಷದ ಕೊನೆಯಲ್ಲಿ ಅವರು ಆ ಪಕ್ಷವನ್ನು ತೊರೆದರು.’ ಬರೆದು, ಉಳಿಸಿ, ಕೆಫೆಯ ಪ್ಲಾಸ್ಟಿಕ್ ಕುರ್ಚಿಗೆ ಒರಗಿ ಕೂಡುತ್ತಿದ್ದೆ. ನನಗೆ ಆಗ ಗಂಡು ನೋಡುತ್ತಿದ್ದರು, ಮನೆಯಲ್ಲಿ ಅದರ ಜಗಳ ಬೇರೆ ಇತ್ತು. ಆದರೆ ಆ ದಿನಗಳಲ್ಲಿ ನಾನು ಖುಷಿಯಾಗಿದ್ದೆ ಎಂಬುದನ್ನು ಮುಚ್ಚಿಡಲಾರೆ. ಗೌಡರ ಮೈಮೇಲಿನ ಒಂದೊಂದೇ ಬಟ್ಟೆಯನ್ನು ಬಿಚ್ಚಿ, ಮಡಿಕೆ ಹಾಕಿ ಇಡುತ್ತಿರುವ ಹಾಗೆ ಅನಿಸುತ್ತಿತ್ತು.

ನನ್ನ ಮಾತನ್ನು ತೆಗೆಯುತ್ತಿದ್ದ ಆ ಇನ್ನೊಬ್ಬ ಸಂಪಾದಕರು ಸುಮ್ಮನಿರಲಿಲ್ಲ. ಪುಟದ ತಲೆಯ ಮೇಲೆ ‘ಈ ಲೇಖನದ ತಟಸ್ಥತೆ ಪ್ರಶ್ನಾರ್ಹವಾಗಿದೆ’ ಎಂಬ ಪಟ್ಟಿ ಅಂಟಿಸಿದರು. ಚರ್ಚೆಯ ಪುಟದಲ್ಲಿ ಸಾವಧಾನವಾಗಿ ವಾದಿಸಿದರು: ಒಬ್ಬ ಮನುಷ್ಯನ ಸೋಲುಗಳನ್ನಷ್ಟೇ ಒಟ್ಟುಗೂಡಿಸಿದರೆ, ಪ್ರತಿ ವಾಕ್ಯ ನಿಜವಿದ್ದರೂ ಒಟ್ಟು ಚಿತ್ರ ತಟಸ್ಥವಾಗುವುದಿಲ್ಲ. ಅದು ಸರಿಯಾದ ಮಾತು ಎಂದು ನನಗೆ ಗೊತ್ತಾಯಿತು. ಸರಿಯಾದ ಮಾತು ಎಂದೇ ಇನ್ನೂ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಅವಸರದಿಂದ ಉತ್ತರ ಬರೆದೆ, ಮತ್ತೆ ‘ಅದ್ಯಕ್ಷೆ’ ಎಂದು ಬರೆದುಬಿಟ್ಟೆ. ಅವರ ಉತ್ತರದ ಕೊನೆಗೆ ಒಂದು ಸಾಲು ಇತ್ತು:

‘ಅಧ್ಯಕ್ಷೆ ಎಂಬಲ್ಲಿ ‘ಧ’ ಮಹಾಪ್ರಾಣ. ಮಹಾಪ್ರಾಣ ಹೊಟ್ಟೆಯಿಂದ ಬರಬೇಕು.’

ಈ ಮಾತನ್ನು ನಾನು ಮೂರು ವರ್ಷ ದಿನಾ ಕೇಳಿದ್ದೆ. ನಮ್ಮ ಕನ್ನಡ ಮಾಸ್ತರರು ತರಗತಿಯಲ್ಲಿ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಹೇಳುತ್ತಿದ್ದ ಮಾತು ಅದು. ಅವ್ವನಿಗೆ ಒತ್ತಕ್ಷರ ಕಲಿಸಿದವರು, ಅವಳ ಪಾಟಿಯನ್ನು ಎತ್ತಿ ತೋರಿಸಿದವರು. ಅವಳನ್ನು ಅನಕ್ಷರಸ್ಥೆ ಎಂದು ಬರೆದು, ನಾನು ಅಳಿಸಿದಾಗಲೆಲ್ಲ ಮತ್ತೆ ಬರೆದವರೂ ಅವರೇ.

ನಿವೃತ್ತರಾಗಿ ಅವರು ಸಿಂದಗಿಯಲ್ಲಿ ಮನೆ ಕಟ್ಟಿಕೊಂಡಿದ್ದರು. ಮುಂದಿನ ಶನಿವಾರ ಮಧ್ಯಾಹ್ನದ ಬಸ್ಸು ಹಿಡಿದು ಹೋದೆ. ಬಾಗಿಲು ಅವರೇ ತೆಗೆದರು. ಬನಿಯನ್ನು, ಧೋತರ, ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿದ್ದರು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ.

“ಬಾ ತಂಗಿ. ಒಳಗ ಬಾ. ಚಹಾ ಮಾಡ್ಸಲೇನು?”

“ಬ್ಯಾಡ್ರಿ ಗುರುಗಳ.”

ಒಳಕೋಣೆಯಲ್ಲಿ ಒಂದು ಕಂಪ್ಯೂಟರ್ ಇತ್ತು, ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿತ್ತು. ಸುತ್ತ ಪುಸ್ತಕ, ಶಾಸನಗಳ ನಕಲು, ಹಳ್ಳಿಗಳ ಹೆಸರು ಬರೆದ ಚೀಟಿಗಳು.

“ಅವ್ವನ್ನ ಅನಕ್ಷರಸ್ಥೆ ಅಂತ ಬರದೀರಿ” ಎಂದೆ.

ಅವರು ಕುಳಿತುಕೊಂಡರು. “ಗೌಡ್ರ ಅರವತ್ತರ ಪುಸ್ತಕ ಬರ್ಯಾಕ ಅವ್ರು ನನಗ ಹೇಳಿದ್ರು. ನನ್ನ ಮಗಳು ಅವರ ಸಂಸ್ಥೇದಾಗ ಟೀಚರ್ ಅದಾಳ, ನಿನಗ ಗೊತ್ತೈತಿ. ನಿಮ್ಮವ್ವ ಪಂಚಾಯ್ತಿ ರೊಕ್ಕ ತಿಂದ್ಳು ಅಂತ ಬರೀರಿ ಅಂದ್ರು. ನಾ ಒಲ್ಲೆ ಅಂದೆ. ಕಡೀಕ ಅನಾರೋಗ್ಯ ಅಂತ ಬರದೆ. ಆ ‘ಅನಕ್ಷರಸ್ಥ’ ಅನ್ನೂದನ್ನ ಅಚ್ಚಿಗಿ ಹೋಗೂ ಮುಂದ ಅವ್ರ ಸೇರಿಸಿದ್ರು.”

“ವಿಶ್ವಕೋಶದಾಗ ಯಾರ್ ಹಾಕಿದ್ರಿ?”

ಅವರು ಕಂಪ್ಯೂಟರಿನ ಮೇಲಿನ ಬಟ್ಟೆಯ ಅಂಚನ್ನು ಎಳೆದು ಸರಿ ಮಾಡಿದರು.

“ಪಾಟಿ ಎತ್ತಿ ತೋರ್ಸಿದ್ದ ಕೈಲೇ ಟೈಪ್ ಮಾಡೀರಿ” ಎಂದೆ. ದನಿ ಏರಿಸಲಿಲ್ಲ. ಬಸ್ಸಿನಲ್ಲಿ ಆ ವಾಕ್ಯವನ್ನು ಹತ್ತು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೆ.

“ಹೌದು” ಎಂದರು. “ಪುಸ್ತಕದಾಗ ಇದ್ದದ್ದನ್ನ ಹಾಕಿದೆ. ಹಾಕಿದ ಮ್ಯಾಲ ತಗ್ಯಾಕ ಧೈರ್ಯ ಆಗ್ಲಿಲ್ಲ. ನೀ ಇಂಡಿ ಪೇಪರ್ ತಂದ ಹಾಕಿದ ದಿನ ನನಗ ಖರೇನ ಹಗುರಾತು. ಅದನ್ನ ನಾ ಮುಟ್ಟಿಲ್ಲ, ನೋಡಿಲ್ಲೇನ ನೀ?”

ಅದು ನಿಜ. ಅವ್ವನ ಎರಡು ಸಾಲನ್ನು ಅವರು ಮುಟ್ಟಿರಲಿಲ್ಲ.

“ನೀ ಯಾರು ಅಂತ ನನಗ ಮೊದಲನೇ ದಿನಾನ ಗೊತ್ತಾಗಿತ್ತು” ಎಂದರು. “ಅದ್ಯಕ್ಷೆ ಅಂತ ಹತ್ತನೇತ್ತಾದಾಗೂ ಹಂಗ ಬರೀತಿದ್ದಿ. ಸಂಬಂಧಪಟ್ಟವ್ರು ಬರೀಬಾರ್ದು ಅಂತ ಅಲ್ಲಿ ನಿಯಮ ಐತಿ. ನಾ ಯಾರಿಗೂ ಹೇಳಿಲ್ಲ.”

ನಾನು ಎದ್ದು ನಿಂತೆ. ಅವರೂ ಎದ್ದರು, ಮೇಜಿನ ಮೇಲಿನ ಚೀಟಿಗಳನ್ನು ಸುಮ್ಮನೆ ಒಂದರ ಮೇಲೊಂದು ಜೋಡಿಸಿದರು.

“ನಾಕ್ನೂರ ಲೇಖನ ಬರದೇನಿ ತಂಗಿ. ಈ ಭಾಗದ ಒಂದೊಂದ ಹಳ್ಳಿ, ಒಂದೊಂದ ಶಾಸನ. ನನಗ ಈಗ ಇದೊಂದ ಕೆಲಸ ಉಳದೈತಿ. ನೀ ದೂರು ಕೊಡ್ಬ್ಯಾಡ.”

“ನೋಡ್ತೇನ್ರಿ” ಎಂದೆ.

ಸೋಮವಾರ ಕಾಲೇಜಿಗೂ ಮುಂಚೆ ಕೆಫೆಗೆ ಹೋದೆ. ಮಾಲೀಕರು ಆಗಷ್ಟೇ ಶಟರ್ ಎತ್ತಿ ಊದುಬತ್ತಿ ಹಚ್ಚುತ್ತಿದ್ದರು. ನಾನು ದೂರು ಬರೆದೆ. ಈ ಸಂಪಾದಕರು ತಾವೇ ಬರೆದ ಅಭಿನಂದನ ಗ್ರಂಥವನ್ನು, ತಮ್ಮ ಕುಟುಂಬಕ್ಕೆ ಉದ್ಯೋಗ ಕೊಟ್ಟ ವ್ಯಕ್ತಿಯ ಲೇಖನದಲ್ಲಿ ಆಧಾರವಾಗಿ ಬಳಸಿದ್ದಾರೆ. ನಿಯಮದ ಸಂಖ್ಯೆ ಹಾಕಿದೆ, ಬದಲಾವಣೆಗಳ ಪಟ್ಟಿ ಕೊಟ್ಟೆ. ಒಂದು ವಿಶೇಷಣವೂ ಇರಲಿಲ್ಲ. ನಾನು ಆ ಅಧ್ಯಕ್ಷೆಯ ಮಗಳು ಎಂಬುದನ್ನೂ ಬರೆಯಲಿಲ್ಲ.

ವಿಚಾರಣೆ ಒಂದು ವಾರ ನಡೆಯಿತು. ನಿರ್ವಾಹಕರು ಅವರನ್ನು ಕೇಳಿದರು. ಅವರು ಒಂದೇ ಸಾಲಿನಲ್ಲಿ ‘ಆರೋಪ ಸತ್ಯ’ ಎಂದು ಬರೆದರು. ನನ್ನ ಬಗ್ಗೆ ಬರೆಯುತ್ತಾರೆ ಎಂದು ನಾನು ದಿನಾ ಹೋಗಿ ನೋಡುತ್ತಿದ್ದೆ. ಬರೆದಿದ್ದರೆ ಏನು ಉತ್ತರಿಸಬೇಕು ಎಂಬುದನ್ನೂ ತಯಾರು ಮಾಡಿಕೊಂಡಿದ್ದೆ. ಬರೆಯಲಿಲ್ಲ. ಅಭಿನಂದನ ಗ್ರಂಥ ನಂಬಲರ್ಹ ಆಧಾರವಲ್ಲ ಎಂದು ತೀರ್ಮಾನವಾಯಿತು, ಅದರಿಂದ ಬಂದ ವಾಕ್ಯಗಳನ್ನೆಲ್ಲ ತೆಗೆದರು. ಅವರಿಗೆ ಆರು ತಿಂಗಳ ನಿರ್ಬಂಧ ಹಾಕಿದರು. ಅದೇ ವಿಚಾರಣೆಯಲ್ಲಿ ನಾನು ಸೇರಿಸಿದ್ದರಲ್ಲೂ ಮುಕ್ಕಾಲು ಭಾಗವನ್ನು ‘ಅನಗತ್ಯ ವಿವರ’ ಎಂದು ಕತ್ತರಿಸಿದರು. ಪಕ್ಷಾಂತರಗಳ ಒಂದು ಸಾಲು, ಠೇವಣಿಯ ಒಂದು ಸಾಲು, ಅವ್ವನ ಎರಡು ಸಾಲು ಉಳಿದವು. ಆರು ತಿಂಗಳು ಕಳೆದವು, ವರ್ಷ ಕಳೆಯಿತು. ಮಾಸ್ತರರು ಮತ್ತೆ ಅಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ.

ಅವರು ನನ್ನನ್ನು ಹಿಡಿದುಕೊಡದೆ ಬಿಟ್ಟದ್ದು ನನಗೆ ಸಹಿಸಲಾಗಲಿಲ್ಲ. ಇಬ್ಬರಿಗೂ ಶಿಕ್ಷೆಯಾಗಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಎಷ್ಟೋ ದಿನ, ನನ್ನನ್ನು ಕೀಳು ಮಾಡಲೆಂದೇ ಅವರು ಸುಮ್ಮನಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು ಎಂದೂ ಗೊತ್ತಿತ್ತು.

ಗೌಡರನ್ನು ನಾನು ನೋಡಿದ್ದು ಮುಂದಿನ ಬೇಸಿಗೆಯಲ್ಲಿ, ತಾಳಿಕೋಟೆಯ ಒಂದು ಮದುವೆಯಲ್ಲಿ. ಊಟದ ಹಾಲಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ವಯಸ್ಸಾಗಿತ್ತು. ನಾನೇ ಹತ್ತಿರ ಹೋಗಿ ನಮಸ್ಕಾರ ಮಾಡಿ, ಯಾರ ಮಗಳು ಎಂದು ಹೇಳಿದೆ.

“ಹಾಂ, ಹಾಂ. ಚಲೋ ಹೆಣ್ಮಗಳು ಆಕಿ. ಆರಾಮ ಅದಾಳಿಲ್ಲೋ?” ಎಂದರು. ಮುಖದಲ್ಲಿ ಕಪಟ ಇರಲಿಲ್ಲ. ಅವರು ನಿಜವಾಗಿಯೂ ಮರೆತಿದ್ದರು.

“ವಿಶ್ವಕೋಶದಾಗ ನಿಮ್ಮ ಬಗ್ಗೆ ಐತ್ರಿ. ಗಾಯರಾಣದ ವಿಷಯಾನೂ ಐತಿ” ಎಂದೆ.

“ಎದರಾಗ?”

“ಕಂಪ್ಯೂಟರದಾಗ್ರಿ. ಜಗತ್ತಿನವ್ರೆಲ್ಲ ಓದ್ತಾರ.”

“ಜಗತ್ತಿನವ್ರದು ನಮ್ಮ ಕ್ಷೇತ್ರದಾಗ ಓಟ್ ಐತೇನವಾ?” ಎಂದು ನಕ್ಕರು. ಸುತ್ತಲಿದ್ದವರೂ ನಕ್ಕರು. “ಊಟ ಮಾಡಿ ಹೋಗು. ಗೋದಿ ಹುಗ್ಗಿ ಚಲೋ ಆಗೇತಿ.”

ಊಟ ಮಾಡದೆ ಬಂದೆ. ತಾಳಿಕೋಟೆಯ ಬಸ್ ನಿಲ್ದಾಣದಲ್ಲಿ ಮುದ್ದೇಬಿಹಾಳದ ಬಸ್ಸಿಗೆ ಕಾಯುತ್ತ ಲೆಕ್ಕ ಹಾಕಿದೆ. ಹದಿಮೂರು ವರ್ಷದ ಸಿಟ್ಟು, ಆರು ತಿಂಗಳ ಕೆಲಸ. ಪೆಟ್ಟು ಬಿದ್ದದ್ದು ಮಾಸ್ತರರಿಗೆ. ಗೌಡರಿಗೆ ಒಂದು ಇರುವೆ ಕಚ್ಚಿದಷ್ಟೂ ಆಗಿರಲಿಲ್ಲ.

ಆ ವಾರದ ಕೊನೆಗೆ ಪುಟದ ಪ್ರಿಂಟ್ ತೆಗೆದುಕೊಂಡು ಊರಿಗೆ ಹೋದೆ. ಅಷ್ಟು ದಿನ ಅವ್ವನಿಗೆ ಏನೂ ಹೇಳಿರಲಿಲ್ಲ. ಅಂಗಳದಲ್ಲಿ ಕೂತು ಅವಳು ಜೋಳ ಹಸನು ಮಾಡುತ್ತಿದ್ದಳು. ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ಬೆರಳಿಟ್ಟು, ತುಟಿ ಅಲುಗಿಸುತ್ತ, ಎರಡು ಸಾಲನ್ನು ತಾನೇ ಓದಿದಳು. ‘ಪದಚ್ಯುತಗೊಳಿಸಲಾಯಿತು’ ಎಂಬಲ್ಲಿ ತಡೆದು ನಿಂತಳು. ಹಾಗೆಂದರೆ ಏನು ಎಂದು ಹೇಳಿದೆ.

“ತಗದ್ರು ಅಂತ ಬರದ್ರ ಆಗ್ತಿದ್ದಿಲ್ಲೇನು?” ಎಂದಳು. “ಮೊದ್ಲ ಏನಂತ ಇತ್ತು?”

ಹೇಳಿದೆ. ಯಾರು ಬರೆದಿದ್ದರು ಎಂಬುದನ್ನೂ ಹೇಳಿದೆ. ಸಿಂದಗಿಗೆ ಹೋದದ್ದು, ಅವರು ಕೇಳಿಕೊಂಡದ್ದು, ನಾನು ದೂರು ಕೊಟ್ಟದ್ದು, ಅವರು ಬರೆಯುವುದನ್ನೇ ಬಿಟ್ಟದ್ದು, ಒಂದನ್ನೂ ಬಿಡದೆ ಹೇಳಿದೆ. ಗೌಡರ ಬಗ್ಗೆ ಉಳಿದ ಸಾಲುಗಳನ್ನೂ ಓದಿ ಹೇಳಿದೆ. ಅವ್ವ ಬೈಯಬೇಕು ಎಂದು ನನಗೆ ಆಸೆ ಇತ್ತು. ಅಕ್ಷರ ಕೊಟ್ಟವರಿಗೆ ಹೀಗೆ ಮಾಡಿದೆಯಾ ಎಂದು ಒಂದು ಮಾತು ಅಂದಿದ್ದರೆ, ನಾನು ಮತ್ತೆ ಸಿಂದಗಿಯ ಬಸ್ಸು ಹತ್ತುತ್ತಿದ್ದೆನೋ ಏನೋ.

ಅವಳು ಮೊರವನ್ನು ತೊಡೆಯ ಮೇಲೆಳೆದುಕೊಂಡು ಎರಡು ಸಲ ಕೇರಿದಳು. ಹೊಟ್ಟು ಹಾರಿ ಆಚೆ ಬಿತ್ತು.

“ಚಲೋ ಮಾಡಿದಿ” ಎಂದಳು. “ಅವ್ರಿಗಿ ನಾ ಓದಾಕ ಬರ್ತೇನಿ ಅನ್ನೂದು ಊರಾಗ ಎಲ್ಲಾರಕಿಂತ ಹೆಚ್ಚ ಗೊತ್ತಿತ್ತು.”

ಅವಳು ಒಂದು ಕಲ್ಲು ಆರಿಸಿ ಎಸೆದಳು. ಆಮೇಲೆ ಕಾಗದದ ಕಡೆ ಗದ್ದ ತೋರಿಸಿದಳು.

“ಗೌಡಾ ಎಷ್ಟ ಪಕ್ಷ ಬದಲಿ ಮಾಡ್ಯಾನ ಅಂತ ಐತೆಲ್ಲ, ಅದನ್ನ ಇನ್ನೊಮ್ಮಿ ಓದು. ಸಾವಕಾಶ ಓದು.”